ನಡುವಿಗೆ ಇಡು ಅಂದ್ರೆ ಯಾವ ನಡು?

ಎ3 ಹಾಳೆಯ ಒಂದು ನಕ್ಷೆ. ಮೂರು ದಿನ ಕೂತು ಬರೆದದ್ದು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ನಿಂತು ನೋಡ್ತೀನಿ, ಎಲ್ಲೋ ಏನೋ ವಾಲಿದ ಹಾಗಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ಕೊನೆಗೆ ಸ್ಕೇಲ್ ಹಿಡಿದೆ. ಉತ್ತರ ದಿಕ್ಕಿನ ಬಾಣ ಇದೆಯಲ್ಲ, ಅದು ಕೆಳಗೆ ಕಿಲೋಮೀಟರ್ ದೂರ ತೋರಿಸೋ ಅಳತೆಪಟ್ಟಿಯ ನಡುವಿಗಿಂತ ಮೂರು ಮಿಲಿಮೀಟರ್ ಬಲಕ್ಕೆ ಕೂತಿದೆ! ಕಣ್ಣಳತೆಯಲ್ಲಿ ಇಟ್ಟಿದ್ದಲ್ಲ ಸ್ವಾಮಿ. ಎರಡನ್ನೂ ಸೆಲೆಕ್ಟ್ ಮಾಡಿ, ಸಮ ಸಾಲಿಗೆ ತರೋ ಅಲೈನ್ ಪ್ಯಾನೆಲ್ ತೆಗೆದು, 'ಸೆಂಟರ್' ಬಟನ್ ಒತ್ತಿ ಇಟ್ಟಿದ್ದು.

ತಪ್ಪು ಎಲ್ಲಾಯ್ತು ಅಂದ್ರೆ, ಅಳತೆಪಟ್ಟಿಯ ಗ್ರೂಪ್ ಒಳಗೆ ಬರೀ ಪಟ್ಟಿ ಇರಲಿಲ್ಲ. ಬಲತುದಿಯಲ್ಲಿ 'ಕಿ.ಮೀ.' ಅನ್ನೋ ಅಕ್ಷರವೂ ಇತ್ತು, ಪಟ್ಟಿ ದಾಟಿ ಆರು ಮಿಲಿಮೀಟರ್ ಆಚೆ ಚಾಚಿತ್ತು. ಸಾಫ್ಟ್‌ವೇರ್ ಇಡೀ ಗ್ರೂಪಿಗೆ ಒಂದು ಚೌಕಟ್ಟು ಕಟ್ಟಿ, ಆ ಚೌಕಟ್ಟಿನ ನಡುವಿಗೆ ಬಾಣ ತಂದು ನಿಲ್ಲಿಸಿತು. ಆರರ ಅರ್ಧ ಮೂರು. ಲೆಕ್ಕ ಪಕ್ಕಾ. ನೋಡುವವರ ಕಣ್ಣಿಗೆ ಮಾತ್ರ ಪಟ್ಟಿಯೇ ಪಟ್ಟಿ, 'ಕಿ.ಮೀ.' ಅನ್ನೋದು ಬಾಲ.

ಅದಕ್ಕೇ ನನ್ನ ತಕರಾರು ಇಷ್ಟು: 'ಸೆಂಟರ್' ಅಂತ ಒಂದೇ ಬಟನ್ ಕೊಡೋದೇ ಮೋಸ. ಯಾವುದರ ನಡು, ಯಾವ ಲೆಕ್ಕದ ನಡು ಅಂತ ಅದು ಮೊದಲು ತೋರಿಸಬೇಕು. ಒತ್ತೋ ಮುಂಚೆ ಒಂದು ಕೆಂಪು ಚುಕ್ಕೆ ಇಟ್ಟು 'ಇಲ್ಲಿಗೆ ತರ್ತೀನಿ, ಆಗಬಹುದಾ' ಅಂತ ಕೇಳಿದ್ರೆ ಗಂಟೇನು ಹೋಗುತ್ತೆ?

ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್‌ನಲ್ಲಿ ಸ್ವಲ್ಪ ಮಟ್ಟಿಗೆ ಕೇಳುತ್ತೆ, ಒಪ್ಕೋತೀನಿ. ಅಲೈನ್ ಪ್ಯಾನೆಲ್‌ನಲ್ಲಿ ಯಾವುದಕ್ಕೆ ಹೋಲಿಸಿ ಅಂತ ಒಂದು ಪಟ್ಟಿ ಇದೆ: ಕೊನೆಗೆ ಸೆಲೆಕ್ಟ್ ಮಾಡಿದ್ದು, ಮೊದಲು ಮಾಡಿದ್ದು, ಎಲ್ಲಕ್ಕಿಂತ ದೊಡ್ಡದು, ಪೇಜು, ಹೀಗೆ. ಬಾಣವನ್ನ ಸರಿಸೋಕೆ ಹೋಗಿ ನಕ್ಷೆಯೇ ಸರಿದು ಹೋಯ್ತು ಅಂತ ಗೋಳಾಡೋರು ಈ ಪಟ್ಟಿಯನ್ನ ತೆರೆದೇ ಇರೋದಿಲ್ಲ. ಅದರಾಚೆ ಇನ್ನೊಂದು ಸೆಟ್ಟಿಂಗ್ ಇದೆ, ಪ್ರಿಫರೆನ್ಸಸ್ ಒಳಗೆ ಅಡಗಿದೆ: ಚೌಕಟ್ಟು ಅಳೆಯುವಾಗ ಗೆರೆಯ ದಪ್ಪ ಸೇರಿಸಬೇಕೋ ಬೇಡವೋ ಅಂತ. ನಾಲ್ಕು ಮಿಲಿಮೀಟರ್ ದಪ್ಪದ ಅಂಚಿರೋ ಚೌಕವನ್ನೂ ಕೂದಲೆಳೆಯಂಥ ಅಂಚಿರೋ ಚೌಕವನ್ನೂ ಎಡಕ್ಕೆ ಸಮ ಮಾಡಿ ನೋಡಿ. ದಪ್ಪ ಬಿಟ್ಟು ಅಳೆದ್ರೆ ಮೊದಲನೆಯದು ಸುಮಾರು ಎರಡು ಮಿಲಿಮೀಟರ್ ಹೊರಗೆ ಇಣುಕುತ್ತೆ.

ಇನ್ನು ಕನ್ನಡದಲ್ಲಿ ಹೆಸರು ಬರೆಯೋರ ಪಾಡು ಬೇರೆ. 'ಕೆರೆ' ಅಂತ ಒಂದು ಲೇಬಲ್, ಪಕ್ಕದಲ್ಲಿ 'ಬೆಟ್ಟ' ಅಂತ ಇನ್ನೊಂದು. ಎರಡನ್ನೂ ಮೇಲೆ-ಕೆಳಗೆ ನಡುವಿಗೆ ತನ್ನಿ. ಅಕ್ಷರದ ಮಸಿಯನ್ನೇ ಅಳೆಯೋ ಸಾಫ್ಟ್‌ವೇರ್ ಆದ್ರೆ 'ಬೆಟ್ಟ' ತುಸು ಮೇಲೇರಿ ಕೂರುತ್ತೆ. ಯಾಕೆ? ಕೆಳಗೆ ಒತ್ತಕ್ಷರ ನೇತಾಡ್ತಿದೆ, ಚೌಕಟ್ಟು ಅದನ್ನೂ ಎಣಿಸಿತು. ಹತ್ತು ಹೆಸರಿನ ಸಾಲಿನಲ್ಲಿ ಒತ್ತು ಇರೋದೆಲ್ಲ ಜಿಗಿದು, ಇಲ್ಲದ್ದೆಲ್ಲ ಕುಸಿದು, ಇಡೀ ಸಾಲು ಕುಣಿಯುತ್ತೆ. ಇಲ್ಲಿ ಸೆಂಟರ್ ಬಟನ್ ಮುಟ್ಟಲೇಬೇಡಿ. ಅಕ್ಷರಗಳು ಕೂರೋ ಗೆರೆ, ಬೇಸ್‌ಲೈನ್, ಅದಕ್ಕೆ ಸಮ ಮಾಡಿ. ಇಂಕ್‌ಸ್ಕೇಪ್‌ನಲ್ಲಿ ಅದಕ್ಕಂತಲೇ ಬೇರೆ ಬಟನ್ ಇದೆ.

ಹಾಳೆಯ ಮೇಲೆ ಇಷ್ಟು ಪಜೀತಿ ಆದ್ರೆ ಭೂಮಿಯ ಮೇಲೆ ಕೇಳಬೇಡಿ. ದೇಶದ ಹೆಸರನ್ನ ದೇಶದ ನಡುವಿಗೆ ಹಾಕು ಅಂತೀರಿ. ಕ್ರೊಯೇಷಿಯಾ ಬಾಗಿದ ಕುಡುಗೋಲಿನ ಹಾಗಿದೆ. ಅದರ ಚೌಕಟ್ಟಿನ ನಡು ಪಕ್ಕದ ಬೋಸ್ನಿಯಾದಲ್ಲಿ ಬೀಳುತ್ತೆ. ವಿಯೆಟ್ನಾಂದು ಲಾವೋಸ್‌ನಲ್ಲಿ. ಫಿಜಿ ಇನ್ನೂ ಮಜಾ. 180ನೇ ರೇಖಾಂಶ ಆ ದ್ವೀಪಗಳ ನಡುವೆಯೇ ಹಾದುಹೋಗುತ್ತೆ, ಹಾಗಾಗಿ ಡೇಟಾದಲ್ಲಿ ಒಂದು ತುಂಡು -180ಕ್ಕೆ, ಇನ್ನೊಂದು +180ಕ್ಕೆ ಅಂಟಿಕೊಂಡಿರುತ್ತೆ. ಎರಡರ ನಡು ಸೊನ್ನೆ. ಪೆಸಿಫಿಕ್ ದೇಶದ ಹೆಸರು ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ತೇಲುತ್ತೆ!

ಸೆಂಟ್ರಾಯ್ಡ್, ಅಂದ್ರೆ ಆಕಾರದ ತೂಕದ ನಡು, ಬಳಸಿ ಅಂತಾರೆ ಬಲ್ಲವರು. ಚೌಕಟ್ಟಿಗಿಂತ ವಾಸಿ, ಆದ್ರೆ ಬಾಗಿದ ಆಕಾರಕ್ಕೆ ಅದೂ ಕೈಕೊಡುತ್ತೆ. ಬಳೆಯ ಸೆಂಟ್ರಾಯ್ಡ್ ಎಲ್ಲಿದೆ? ತೂತಿನಲ್ಲಿ. ನಕ್ಷೆಯ ಡೇಟಾ ಇಡೋ ಪೋಸ್ಟ್‌ಜಿಐಎಸ್‌ನಲ್ಲಿ ಸೆಂಟ್ರಾಯ್ಡ್‌ಗೆ ಒಂದು ಫಂಕ್ಷನ್, ಖಚಿತವಾಗಿ ಒಳಗೇ ಬೀಳೋ ಬಿಂದುವಿಗೆ 'ಪಾಯಿಂಟ್ ಆನ್ ಸರ್ಫೇಸ್' ಅಂತ ಇನ್ನೊಂದು ಫಂಕ್ಷನ್ ಇರೋದು ಸುಮ್ಮನೆ ಅಲ್ಲ. ಲೇಬಲ್ಲಿಗೆ ನನ್ನ ಓಟು ಮೂರನೆಯದಕ್ಕೆ: ಎಲ್ಲ ಗಡಿಗಳಿಂದಲೂ ಅತಿ ದೂರ ಇರೋ ಒಳಬಿಂದು. ವೆಬ್ ನಕ್ಷೆಯ ಕಂಪನಿ ಮ್ಯಾಪ್‌ಬಾಕ್ಸ್‌ನವರು 2016ರಲ್ಲಿ ಹೊರತಂದ ಪಾಲಿಲೇಬಲ್ ಅನ್ನೋ ಪ್ರೋಗ್ರಾಂ ಹುಡುಕೋದು ಅದನ್ನೇ, ನಕ್ಷೆ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲೂ ಅದಕ್ಕೆ ಟೂಲ್ ಇದೆ. ಅದು ಗಣಿತದ ನಡುವಲ್ಲ, ಅಕ್ಷರಕ್ಕೆ ಕೈಕಾಲು ಚಾಚೋಕೆ ಜಾಗ ಇರೋ ಕಡೆ.

ವೆಬ್ ನಕ್ಷೆಯ ಪಿನ್ನಿಗೆ ನಡುವೇ ಬೇಡ, ತುದಿ ಬೇಕು. ವೆಬ್ ಪುಟದಲ್ಲಿ ನಕ್ಷೆ ತೋರಿಸೋ ಕೋಡ್ ಲೈಬ್ರರಿ ಲೀಫ್ಲೆಟ್‌ನ ಮಾಮೂಲಿ ನೀಲಿ ಪಿನ್ 25 ಪಿಕ್ಸೆಲ್ ಅಗಲ, 41 ಎತ್ತರ. ಅದರ ಆಂಕರ್, ಅಂದ್ರೆ ಜಾಗದ ಮೇಲೆ ಊರೋ ಬಿಂದು, ಎಡದಿಂದ 12, ಮೇಲಿನಿಂದ 41. ಅಂದ್ರೆ ಕೆಳತುದಿ. ಸ್ವಂತ ಚಿತ್ರ ಹಾಕಿ ಆಂಕರ್ ಮರೆತರೆ ಜೂಮ್ ಮಾಡಿದಷ್ಟೂ ಪಿನ್ ಊರೂರು ಅಲೆದ ಹಾಗೆ ಕಾಣುತ್ತೆ. ಅಂದಹಾಗೆ 25ರ ಅರ್ಧ ಹನ್ನೆರಡೂವರೆ. ಅಲ್ಲೂ ಅರ್ಧ ಪಿಕ್ಸೆಲ್ ಬಿಟ್ಟಿದ್ದಾರೆ, ಯಾರೂ ಜಗಳಕ್ಕೆ ಹೋಗಿಲ್ಲ.

ಸ್ನ್ಯಾಪಿಂಗ್, ಅಂದ್ರೆ ಬರೆಯೋ ಗೆರೆ ಹತ್ತಿರದ ಬಿಂದುವಿಗೆ ತಾನೇ ಅಂಟೋದು, ಅದರ ಬಗ್ಗೆ ಒಂದೇ ಮಾತು. ಕ್ಯೂಜಿಐಎಸ್‌ನಲ್ಲಿ ಎಷ್ಟು ಹತ್ತಿರ ಬಂದ್ರೆ ಅಂಟಬೇಕು ಅನ್ನೋದನ್ನ ಪಿಕ್ಸೆಲ್‌ನಲ್ಲೂ ಕೊಡಬಹುದು, ನಕ್ಷೆಯ ಅಳತೆಯಲ್ಲೂ ಕೊಡಬಹುದು. ಹನ್ನೆರಡು ಪಿಕ್ಸೆಲ್ ಅಂತ ಕೊಟ್ಟು, ಒಂದು ಪಿಕ್ಸೆಲ್ಲಿಗೆ ಹತ್ತು ಮೀಟರ್ ಬರೋಷ್ಟು ದೂರ ಜೂಮ್ ಔಟ್ ಮಾಡಿದ್ರೆ, ನಿಮ್ಮ ಗೆರೆ ನೂರಿಪ್ಪತ್ತು ಮೀಟರ್ ಆಚೆಯ ಮನೆಯ ಮೂಲೆಗೂ ಹೋಗಿ ಕಚ್ಚಿಕೊಳ್ಳಬಹುದು.

'ಇಷ್ಟೆಲ್ಲ ಯಾಕೆ, ಕಣ್ಣಿಗೆ ಸರಿ ಕಂಡ್ರೆ ಸಾಕು' ಅನ್ನೋರು ಇದ್ದಾರೆ. ಅರ್ಧ ಒಪ್ತೀನಿ. ವೃತ್ತದೊಳಗೆ ಶಿಖರದ ಗುರುತು ಅಂತ ಸಮಬಾಹು ತ್ರಿಕೋನ ಇಡಿ. ಬಟನ್ ಒತ್ತಿದ್ರೆ ಅದು ಕೆಳಗೆ ಕುಸಿದ ಹಾಗೆ ಕಾಣುತ್ತೆ, ಕಣ್ಣು ತಕ್ಷಣ ಬೇಡ ಅನ್ನುತ್ತೆ. ಕಣ್ಣು ಹೇಳಿದ್ದೇ ಸರಿ. ಆದ್ರೆ ಅದಕ್ಕೂ ಲೆಕ್ಕ ಇದೆ: ಚೌಕಟ್ಟಿನ ನಡು ಎತ್ತರದ ಅರ್ಧಕ್ಕೆ, ತ್ರಿಕೋನದ ತೂಕದ ನಡು ಬುಡದಿಂದ ಮೂರನೇ ಒಂದರಷ್ಟಕ್ಕೆ. ವ್ಯತ್ಯಾಸ ಆರನೇ ಒಂದು. ಹನ್ನೆರಡು ಮಿಲಿಮೀಟರ್ ಎತ್ತರ ಇದ್ರೆ ಎರಡು ಮಿಲಿಮೀಟರ್ ಮೇಲಕ್ಕೆ ಎತ್ತಿ, ಮೂರು ಮೂಲೆಯೂ ವೃತ್ತದಿಂದ ಸಮದೂರಕ್ಕೆ ಬರುತ್ತೆ. ಮೌಸ್‌ನಲ್ಲಿ ಎಳೀಬೇಡಿ, ವೈ ಅನ್ನೋ ಖಾನೆಯಲ್ಲಿ ಅಂಕಿ ಬದಲಿಸಿ.

ನನ್ನ ಬಾಣದ ಕತೆ ಬಾಕಿ ಉಳೀತು. ಗ್ರೂಪ್ ಬಿಡಿಸಿದೆ, ಪಟ್ಟಿಗೆ ಮಾತ್ರ ಬಾಣ ಸೆಂಟರ್ ಮಾಡಿದೆ, ಮತ್ತೆ ಗ್ರೂಪ್ ಕಟ್ಟಿದೆ. ಹೊಸ ಪ್ರಿಂಟ್ ಗೋಡೆಗೆ ಹೋಯ್ತು. ಮನೆಗೆ ಬಂದ ಗೆಳೆಯ ಐದು ನಿಮಿಷ ನೋಡಿ ಕೇಳಿದ: "ಎಲ್ಲಾ ಚೆನ್ನಾಗಿದೆ ಮಾರಾಯ, ಆ 'ಕಿ.ಮೀ.' ಯಾಕೆ ಒಂದೇ ಕಡೆ ಚಾಚಿದೆ?"