ಆ್ಯಪ್‌ಗೆ ಸದ್ದು ಕೂರಿಸೋದು: ತಂಬೂರಿ, ತಾಳ, ಪಾಠ ಮೂರಕ್ಕೂ ಒಂದೇ ಪ್ಲೇಯರ್ ಸಾಲದು

[ಸ್ಕ್ರೀನ್ ಕಪ್ಪು. ತಂಬೂರಿ ನಾದ ಮಾತ್ರ. 12ನೇ ಸೆಕೆಂಡಿಗೆ ನಾದ ಕಣ್ಣು ಮಿಟುಕಿಸುವಷ್ಟು ಹೊತ್ತು ಕಡಿದು ಮತ್ತೆ ಹಿಡಿಯುತ್ತೆ.]

ಕೇಳಿಸ್ತಾ? ಇನ್ನೊಂದ್ಸಲ ಕೇಳಿ.

[ಅದೇ ಜಾಗ ಮತ್ತೆ.]

ಸಿನಿಮಾ ಹಾಡಿನ ಕೊನೆಯಲ್ಲಿ ಹೀಗಾದ್ರೆ ಯಾರೂ ಗಮನಿಸಲ್ಲ. ತಂಬೂರಿಗೆ ಕೂತು ಸಾ ಹಿಡಿದಿರೋರಿಗೆ ಮಾತ್ರ ಇದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಇವತ್ತು ಒಂದು ಸಂಗೀತ ಅಭ್ಯಾಸದ ಆಂಡ್ರಾಯ್ಡ್ ಆ್ಯಪ್ ಇಟ್ಕೊಂಡು ಸದ್ದು ಸೇರಿಸೋದು ಹೇಗೆ ಅಂತ ನೋಡೋಣ. ಅದರಲ್ಲಿ ನಾಲ್ಕು ಥರದ ಸದ್ದಿದೆ: ಬಟನ್ ಒತ್ತಿದ್ರೆ ಟಿಕ್, ನಿಲ್ಲದ ತಂಬೂರಿ, ತಾಳದ ಏಟು, ಮೇಷ್ಟ್ರ ಪಾಠದ ರೆಕಾರ್ಡಿಂಗ್. ನಾಲ್ಕನ್ನೂ ಆಂಡ್ರಾಯ್ಡ್ ಜೊತೆಗೇ ಬರೋ ಮೀಡಿಯಾಪ್ಲೇಯರ್‌ಗೆ ಕೊಟ್ಟು ಕೈ ತೊಳ್ಕೊಂಡ್ರೆ ಆಗೋದೇ ಈಗ ನೀವು ಕೇಳಿದ್ದು.

[ಸ್ಕ್ರೀನ್: ಪ್ರಾಜೆಕ್ಟಿನ ರೆಸ್ ಫೋಲ್ಡರ್, ಒಳಗೆ ರಾ ಫೋಲ್ಡರ್]

ಮೊದಲು ಸುಲಭದ್ದು ಮುಗಿಸೋಣ. ಚಿಕ್ಕ ಸದ್ದಿನ ಫೈಲ್‌ಗಳೆಲ್ಲ ರಾ ಫೋಲ್ಡರ್‌ಗೆ. ಫೈಲ್ ಹೆಸರಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟೇ ಇರಲಿ. ದೊಡ್ಡಕ್ಷರವೋ ಹೈಫನ್ನೋ ಸೇರಿದ್ರೆ ಬಿಲ್ಡೇ ಆಗಲ್ಲ.

ಬಟನ್ ಸದ್ದಿಗೆ ಸೌಂಡ್‌ಪೂಲ್. ಇದು ಫೈಲನ್ನು ಮೊದಲೇ ಬಿಚ್ಚಿ ಮೆಮೊರಿಯಲ್ಲಿ ಇಟ್ಕೊಳ್ಳುತ್ತೆ, ಅದಕ್ಕೇ ಒತ್ತಿದ ತಕ್ಷಣ ಕೇಳಿಸುತ್ತೆ. ಬಿಚ್ಚಿದ ಮೇಲೆ ಒಂದೊಂದು ಸದ್ದಿಗೂ 1 ಎಂಬಿ ಮಿತಿ. 44,100 ಹರ್ಟ್ಜ್, 16 ಬಿಟ್, ಸ್ಟೀರಿಯೋ ಆದ್ರೆ ಅದು ಆರು ಸೆಕೆಂಡಿಗೂ ಸ್ವಲ್ಪ ಕಮ್ಮಿ. ಎಂಪಿ3 ಫೈಲ್ ಬರೀ 200 ಕೆಬಿ ಇದೆಯಲ್ಲ ಅಂತ ಲೆಕ್ಕ ಹಾಕ್ಬೇಡಿ, ಲೆಕ್ಕ ಬಿಚ್ಚಿದ ಮೇಲಿನ ಗಾತ್ರದ್ದು.

ಲೋಡ್ ಅಂದ ಮರುಸಾಲಲ್ಲೇ ಪ್ಲೇ ಅಂದ್ರೆ ಸದ್ದೇ ಬರಲ್ಲ, ಎರರೂ ಬರಲ್ಲ. ಲೋಡ್ ಹಿನ್ನೆಲೆಯಲ್ಲಿ ನಡೀತಾ ಇರುತ್ತೆ. ಲೋಡ್ ಕಂಪ್ಲೀಟ್ ಲಿಸನರ್ ಹಾಕಿ, ಅದು ಕರೆದ ಮೇಲಷ್ಟೇ ಬಾರಿಸಿ. ಪ್ಲೇ ವಾಪಸ್ ಕೊಡೋ ಅಂಕಿ ಸೊನ್ನೆ ಅಂದ್ರೆ ಬಾರಿಸೋಕೆ ಆಗಿಲ್ಲ ಅಂತ. ಸೌಂಡ್‌ಪೂಲ್ ಕತೆ ಇಷ್ಟೇ.

[ಸ್ಕ್ರೀನ್: ತಂಬೂರಿ ಅಲೆಯ ಚಿತ್ರ, ಫೈಲಿನ ಕೊನೆ ಮತ್ತು ಶುರು ಅಕ್ಕಪಕ್ಕ. ನಡುವೆ ಚಪ್ಪಟೆ ಗೆರೆ.]

ಈಗ ತಂಬೂರಿ. ಈ ಚಪ್ಪಟೆ ಗೆರೆ ನೋಡಿ. ಇದು ಎಂಪಿ3 ಹಾಕಿದ ಮೌನ. ಸ್ಯಾಂಪಲ್ ಅಂದ್ರೆ ಅಲೆಯ ಒಂದೊಂದು ಅಳತೆ; 44,100 ಹರ್ಟ್ಜ್ ಅಂದ್ರೆ ಸೆಕೆಂಡಿಗೆ ಅಷ್ಟು ಅಳತೆ. ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ ಕಟ್ಟು ಕಟ್ಟಿ ಇಡುತ್ತೆ. ಕೊನೇ ಕಟ್ಟು ತುಂಬದೇ ಇದ್ರೆ ಉಳಿದದ್ದಕ್ಕೆ ಮೌನ ತುರುಕುತ್ತೆ. ಶುರುವಿನಲ್ಲೂ ಎಂಪಿ3 ಮಾಡೋ ಲೇಮ್ ಎನ್ಕೋಡರ್ 576 ಸ್ಯಾಂಪಲ್ ಖಾಲಿ ಬಿಡುತ್ತೆ, ಅದನ್ನ ಬಿಚ್ಚೋ ಡಿಕೋಡರ್ ಕಡೆಯಿಂದ ಇನ್ನೊಂದು 529. ಒಟ್ಟು 1105. 44,100ರ ಲೆಕ್ಕದಲ್ಲಿ 25 ಮಿಲಿಸೆಕೆಂಡ್, ಶುರುವಿನದ್ದೇ ಇಷ್ಟು. ಮೀಡಿಯಾಪ್ಲೇಯರ್‌ನಲ್ಲಿ ಲೂಪಿಂಗ್ ಆನ್ ಮಾಡಿದ್ರೆ ಸಾಮಾನ್ಯವಾಗಿ ಇದರ ಮೇಲೆ ತನ್ನದೂ ಒಂದಿಷ್ಟು ತಡ ಸೇರಿಸುತ್ತೆ.

ಹಾಗಾಗಿ ತಂಬೂರಿಗೆ ಎಂಪಿ3 ಬೇಡ. ಸದ್ದನ್ನು ಕುಗ್ಗಿಸದೇ ಇಡೋ ವೇವ್ ಫೈಲ್ ಮಾಡಿ: 48,000 ಹರ್ಟ್ಜ್, ಮೋನೋ, 16 ಬಿಟ್. 12 ಸೆಕೆಂಡಿಗೆ 5,76,000 ಸ್ಯಾಂಪಲ್, 11,52,000 ಬೈಟ್. ಒಂದು ಎಂಬಿ ಚಿಲ್ಲರೆ. ಇಷ್ಟಕ್ಕೆ ಜಿಪುಣತನ ಮಾಡಬಾರದು.

ಆದ್ರೆ ಫೈಲ್ ಕತ್ತರಿಸೋ ಜಾಗ ತಪ್ಪಿದ್ರೆ ವೇವ್ ಆದ್ರೂ ಉಪಯೋಗವಿಲ್ಲ.

[ಸ್ಕ್ರೀನ್: ಸದ್ದು ಕತ್ತರಿಸೋ ಸಾಫ್ಟ್‌ವೇರ್ ಆಡಾಸಿಟಿ. ಪ ಸ ಸ ಸ ಮೂರು ಸುತ್ತು ರೆಕಾರ್ಡ್ ಆಗಿದೆ. ನಡುವಿನ ಸುತ್ತು ಆಯ್ಕೆಯಾಗಿದೆ.]

ನಾಲ್ಕು ತಂತಿ ಒಂದೇ ಸುತ್ತು ಮೀಟಿ ಕತ್ತರಿಸಿದ್ರೆ, ಶುರುವಿನ ಪಂಚಮ ಮೌನದಿಂದ ಏಳುತ್ತೆ, ಕೊನೆಯ ಮಂದ್ರ ಷಡ್ಜದ ಝೇಂಕಾರ ಅರ್ಧಕ್ಕೆ ತುಂಡಾಗುತ್ತೆ. ನಿಜವಾದ ತಂಬೂರಿಯಲ್ಲಿ ಪಂಚಮ ಮೀಟುವಾಗ ಹಿಂದಿನ ಷಡ್ಜ ಇನ್ನೂ ಮೊಳಗ್ತಾನೇ ಇರುತ್ತೆ. ಅದಕ್ಕೆ ಒಂದೇ ಲಯದಲ್ಲಿ ಮೂರು ಸುತ್ತು ಮೀಟಿ, ನಡುವಿನದ್ದನ್ನ ಮಾತ್ರ ತಗೊಳ್ಳಿ. ಅದರ ಶುರುವಿಗೆ ಹಿಂದಿನ ಸುತ್ತಿನ ನಾದ ಇರುತ್ತೆ, ಕೊನೆಗೂ ಅಷ್ಟೇ ನಾದ ಉಳಿದಿರುತ್ತೆ. ಎರಡೂ ತುದಿ ಪಂಚಮ ಮೀಟುವ ಹೊಸ್ತಿಲಲ್ಲೇ ಬರಲಿ. ಆಯ್ಕೆ ಮಾಡಿದ ಮೇಲೆ ಕೀಬೋರ್ಡಿನಲ್ಲಿ ಝಡ್ ಒತ್ತಿ; ಆಡಾಸಿಟಿ ಎರಡೂ ತುದಿಯನ್ನು ಅಲೆ ಸೊನ್ನೆ ದಾಟುವ ಜಾಗಕ್ಕೆ ಸರಿಸುತ್ತೆ. ತುದಿಗಳು ಸರಿದಿರೋದ್ರಿಂದ ಸ್ಯಾಂಪಲ್ ಲೆಕ್ಕ ಆಮೇಲೆ ಇನ್ನೊಮ್ಮೆ ನೋಡ್ಕೊಳ್ಳಿ. ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ, ಅಂದ್ರೆ ಹೆಸರು ಗಿಸರಿನ ವಿವರ, ಖಾಲಿ ಬಿಡಿ. ಇಲ್ಲಾಂದ್ರೆ ಆ ಬೈಟ್‌ಗಳನ್ನೂ ನಮ್ಮ ಕೋಡ್ ಸದ್ದು ಅಂದ್ಕೊಂಡು ಓದಿ, ಸುತ್ತಿಗೊಂದು "ಟಪ್" ಅನ್ನಿಸುತ್ತೆ.

[ಸ್ಕ್ರೀನ್: ಆಡಿಯೋಟ್ರ್ಯಾಕ್ ಕೋಡ್. ಹೇಳಿದ ಸಾಲು ಮಾತ್ರ ಬೆಳಗುತ್ತೆ.]

ಇದನ್ನ ನುಡಿಸೋಕೆ ಬಿಚ್ಚಿದ ಸದ್ದನ್ನೇ ನೇರವಾಗಿ ತಗೊಳ್ಳೋ ಆಡಿಯೋಟ್ರ್ಯಾಕ್, ಸ್ಟಾಟಿಕ್ ಮೋಡ್, ಅಂದ್ರೆ ಪೂರ್ತಿ ಸದ್ದನ್ನ ಮೊದಲೇ ಮೆಮೊರಿಗೆ ತುಂಬೋದು. ಬಫರ್ ಗಾತ್ರ 11,52,000 ಬೈಟ್. ವೇವ್ ಹೆಡರ್ 44 ಬೈಟ್ ಬಿಟ್ಟು ಮಿಕ್ಕಿದ್ದೆಲ್ಲ ರೈಟ್ ಮಾಡಿ. ಲೂಪ್ ಪಾಯಿಂಟ್ಸ್: ಸೊನ್ನೆಯಿಂದ 5,76,000, ಎಷ್ಟು ಸಲ ಅನ್ನೋ ಜಾಗದಲ್ಲಿ ಮೈನಸ್ 1, ಅಂದ್ರೆ ನಿಲ್ಲಿಸೋವರೆಗೂ. ಆಮೇಲೆ ಪ್ಲೇ.

ಇಲ್ಲಿ ಎರಡು ಗುಂಡಿ ಇವೆ. ಬೈಟ್‌ಗಳನ್ನು ಬೈಟ್‌ಬಫರ್ ಮೂಲಕ ಶಾರ್ಟ್, ಅಂದ್ರೆ ಎರಡೆರಡು ಬೈಟಿನ ಅಂಕಿ, ಮಾಡ್ಕೊಂಡ್ರೆ, ಬೈಟ್‌ಬಫರ್ ಹುಟ್ಟಾ ಬಿಗ್ ಎಂಡಿಯನ್, ದೊಡ್ಡ ಬೈಟ್ ಮೊದಲು; ವೇವ್ ಫೈಲ್ ಲಿಟಲ್ ಎಂಡಿಯನ್, ಚಿಕ್ಕ ಬೈಟ್ ಮೊದಲು. ಲಿಟಲ್ ಎಂಡಿಯನ್ ಅಂತ ಹೇಳದೇ ಹೋದ್ರೆ ತಂಬೂರಿ ಬದಲು ಕುಕ್ಕರ್ ಆವಿ ಬಿಟ್ಟ ಹಾಗೆ ಬುಸ್ ಅನ್ನುತ್ತೆ. ಮೊದಲ ಸಲ ಹೆಡ್‌ಫೋನ್ ಹಾಕ್ಕೊಂಡು ಟೆಸ್ಟ್ ಮಾಡ್ಬೇಡಿ. ಎರಡನೇದು, ಲೂಪ್ ಪಾಯಿಂಟ್ಸ್ ಕೇಳೋದು ಫ್ರೇಮ್ ಲೆಕ್ಕ, ಬೈಟ್ ಲೆಕ್ಕ ಅಲ್ಲ. ಮೋನೋದಲ್ಲಿ ಒಂದು ಸ್ಯಾಂಪಲ್ಲೇ ಒಂದು ಫ್ರೇಮ್. 11,52,000 ಕೊಟ್ರೆ ಆ್ಯಪ್ ಕ್ರ್ಯಾಶ್ ಆಗಲ್ಲ, ಸುಮ್ನೆ ಎರರ್ ಕೋಡ್ ವಾಪಸ್ ಕೊಡುತ್ತೆ. ನಾವು ಅದನ್ನ ನೋಡಲ್ಲ. 12 ಸೆಕೆಂಡ್ ನುಡಿದು ತಂಬೂರಿ ನಿಂತೇ ಹೋಗುತ್ತೆ.

ಶ್ರುತಿ ಏರಿಸೋಕೆ ಬೇರೆ ಲೈಬ್ರರಿ ಬೇಕಿಲ್ಲ. ಹಾರ್ಮೋನಿಯಂನಲ್ಲಿ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋಗೋದು ಅಂದ್ರೆ ಕಂಪನ ಸುಮಾರು 1.0595 ಪಟ್ಟು. ಪ್ಲೇಬ್ಯಾಕ್ ರೇಟನ್ನು 48,000ದಿಂದ 50,854 ಮಾಡಿದ್ರೆ ಆಯ್ತು. ಮೀಟಿನ ವೇಗವೂ ಅಷ್ಟೇ ಏರುತ್ತೆ, ತಂಬೂರಿಯಲ್ಲಿ ಅದು ದೋಷ ಅನ್ನಿಸಲ್ಲ. ಎರಡು ಮೂರು ಮನೆ ದಾಟಿದ್ರೆ ಮಾತ್ರ ದನಿಯ ಬಣ್ಣವೇ ಕೆಡುತ್ತೆ, ಅಲ್ಲಿಗೆ ಬೇರೆ ರೆಕಾರ್ಡಿಂಗ್ ಇಡಿ.

[ಸ್ಕ್ರೀನ್: ಆದಿತಾಳದ ಎಂಟು ಎಣಿಕೆ, ಒಂದೊಂದೇ ಬೆಳಗುತ್ತೆ]

ತಾಳ. ಇಲ್ಲಿ ಹೆಚ್ಚಿನವರು ಮಾಡೋದು ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು ಅಂತ ಹೇಳೋ ಹ್ಯಾಂಡ್ಲರ್ ಇಟ್ಟು 750 ಮಿಲಿಸೆಕೆಂಡಿಗೊಮ್ಮೆ ಏಟು ಹಾಕಿಸೋದು. ನಿಮಿಷಕ್ಕೆ 80 ಏಟು, ಲೆಕ್ಕ ಸರಿಯೇ. ಆದ್ರೆ ಹ್ಯಾಂಡ್ಲರ್ ಹೇಳೋದು "ಇದಕ್ಕಿಂತ ಮುಂಚೆ ಮಾಡಲ್ಲ" ಅಂತ ಮಾತ್ರ. ಪ್ರತಿ ಏಟಿಗೆ 3 ಮಿಲಿಸೆಕೆಂಡ್ ತಡವಾದ್ರೆ 100 ಏಟಿಗೆ 300. ಅಷ್ಟೊತ್ತಿಗೆ ಹಾಡೋರು ಸಮದ ಮೇಲಿದ್ರೆ ಆ್ಯಪ್ ಇನ್ನೂ ದಾರಿಯಲ್ಲಿರುತ್ತೆ.

ಗಡಿಯಾರ ನೋಡ್ಬೇಡಿ, ಸ್ಯಾಂಪಲ್ ಎಣಿಸಿ. 48,000 ಹರ್ಟ್ಜ್‌ನಲ್ಲಿ 80ರ ವೇಗಕ್ಕೆ ಒಂದು ಎಣಿಕೆ ಅಂದ್ರೆ 36,000 ಸ್ಯಾಂಪಲ್. ಏಟಿನ ಸದ್ದು 2400 ಸ್ಯಾಂಪಲ್, ಅಂದ್ರೆ 50 ಮಿಲಿಸೆಕೆಂಡ್. ಉಳಿದ 33,600 ಸೊನ್ನೆ. ಇನ್ನೊಂದು ಆಡಿಯೋಟ್ರ್ಯಾಕ್, ಈ ಸಲ ಸದ್ದನ್ನ ಹರಿಸ್ತಾ ಹೋಗೋ ಸ್ಟ್ರೀಮ್ ಮೋಡ್. ಬೇರೆ ಥ್ರೆಡ್‌ನಲ್ಲಿ ಇದನ್ನೇ ಬರೀತಾ ಹೋಗಿ. ಸಮಕ್ಕೆ ಬೇರೆ ಏಟಿನ ಸದ್ದು. ಬಫರ್ ತುಂಬಿದ್ರೆ ರೈಟ್ ತಾನೇ ಕಾಯುತ್ತೆ, ಲಯ ಹಿಡಿಯೋದು ಫೋನಿನ ಆಡಿಯೋ ಹಾರ್ಡ್‌ವೇರ್. ಒಂದು ಎಣಿಕೆಯನ್ನ ಒಟ್ಟಿಗೇ ಸುರಿಯೋ ಬದಲು ಸಣ್ಣ ಸಣ್ಣ ತುಂಡಾಗಿ ಬರೆದ್ರೆ, ಕಾಲ ಬದಲಿಸಿದಾಗ ಆ್ಯಪ್ ಬೇಗ ಮಾತು ಕೇಳುತ್ತೆ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಲಯ ಕೆಡಲ್ಲ, ಆದ್ರೆ ಸದ್ದು ಕಿವಿಗೆ ತಡವಾಗಿ ತಲುಪುತ್ತೆ. ಸ್ಕ್ರೀನ್ ಮೇಲೆ ದೀಪ ಮೊದಲು, ಏಟು ಆಮೇಲೆ. ದೀಪವನ್ನು ಕೋಡ್ ಏಟು ಬರೆದ ಕ್ಷಣಕ್ಕೆ ಕಟ್ಟಬೇಡಿ, ಆಡಿಯೋಟ್ರ್ಯಾಕ್‌ನ ಟೈಮ್‌ಸ್ಟ್ಯಾಂಪ್ ಕೇಳಿ ಹೊತ್ತಿಸಿ.

[ಸ್ಕ್ರೀನ್: ಪಾಠದ ಪಟ್ಟಿ, ಸರಳೆ ವರಸೆ]

ಪಾಠದ ರೆಕಾರ್ಡಿಂಗ್‌ಗೆ ಎಂಪಿ3 ಧಾರಾಳವಾಗಿ ಸಾಕು. ಪ್ಲೇಯರ್ ಆಂಡ್ರಾಯ್ಡಿನ ಮೀಡಿಯಾ3 ಲೈಬ್ರರಿಯ ಎಕ್ಸೋಪ್ಲೇಯರ್. ಅಂತರ್ಜಾಲದಲ್ಲಿ ಸಿಗೋ ಹಳೇ ಉದಾಹರಣೆಗಳಲ್ಲಿ ಎಕ್ಸೋಪ್ಲೇಯರ್2 ಅನ್ನೋ ಪ್ಯಾಕೇಜ್ ಇರುತ್ತೆ. ಅದು 2.19ಕ್ಕೆ ನಿಂತಿದೆ, ಹೊಸ ಆ್ಯಪ್‌ಗೆ ತರಬೇಡಿ. ಕಲಿಯೋರಿಗೆ ಇದರಲ್ಲಿ ಒಂದು ಬಹಳ ಒಳ್ಳೇ ಸೌಲಭ್ಯ ಇದೆ: ಪ್ಲೇಬ್ಯಾಕ್ ಪ್ಯಾರಾಮೀಟರ್ಸ್‌ನಲ್ಲಿ ಸ್ಪೀಡ್ 0.75, ಪಿಚ್ 1 ಕೊಟ್ರೆ ಪಾಠ ನಿಧಾನ ಆಗುತ್ತೆ, ಶ್ರುತಿ ಇಳಿಯಲ್ಲ. ಫೈಲ್ ಸರ್ವರ್‌ನಿಂದ ಬರೋದಾದ್ರೆ ಇಂಟರ್ನೆಟ್ ಅನುಮತಿ ಬೇಕು. ವಿಳಾಸ ಎಚ್‌ಟಿಟಿಪಿಎಸ್ ಇರಲಿ. ಬರೀ ಎಚ್‌ಟಿಟಿಪಿ ಇದ್ರೆ ಆಂಡ್ರಾಯ್ಡ್ 9ರಿಂದಾಚೆ ಸಿಸ್ಟಮ್ಮೇ ತಡೆಯುತ್ತೆ.

[ಸ್ಕ್ರೀನ್: ತಂಬೂರಿ ನುಡೀತಿರುವಾಗಲೇ ಫೋನ್ ರಿಂಗ್]

ನುಡಿಸೋದು ಆಯ್ತು. ನಿಜವಾದ ತಲೆನೋವು ಯಾವಾಗ ನಿಲ್ಲಿಸಬೇಕು ಅನ್ನೋದು.

ಕರೆ ಬಂದ್ರೆ, ಬೇರೆ ಆ್ಯಪ್‌ನಲ್ಲಿ ಹಾಡು ಶುರುವಾದ್ರೆ, ನಮ್ಮದು ಜಾಗ ಬಿಡಬೇಕು. ಇದಕ್ಕೆ ಆಡಿಯೋ ಫೋಕಸ್ ಅಂತಾರೆ. ಎಕ್ಸೋಪ್ಲೇಯರ್‌ಗೆ ಆಡಿಯೋ ಆಟ್ರಿಬ್ಯೂಟ್ಸ್ ಕೊಡುವಾಗ ಎರಡನೇ ಆರ್ಗ್ಯುಮೆಂಟ್ ಟ್ರೂ ಅಂದ್ರೆ ಅದೇ ನೋಡ್ಕೊಳ್ಳುತ್ತೆ. ಆಡಿಯೋಟ್ರ್ಯಾಕ್‌ಗೆ ಈ ಬುದ್ಧಿ ಇಲ್ಲ, ನಾವೇ ಕೇಳಬೇಕು, ಬಿಡು ಅಂದಾಗ ನಾವೇ ಬಿಡಬೇಕು. ಇಲ್ಲೊಂದು ವಿಚಿತ್ರ ಆಗುತ್ತೆ. ತಂಬೂರಿ ಒಂದು ಫೋಕಸ್ ಕೇಳಿದೆ, ಪಾಠದ ಪ್ಲೇಯರ್ ಇನ್ನೊಂದು ಕೇಳಿದೆ ಅಂದ್ಕೊಳ್ಳಿ. ಪಾಠ ಹಾಕಿದ ಕೂಡಲೇ ತಂಬೂರಿ ನಿಲ್ಲುತ್ತೆ! ಒಂದೇ ಆ್ಯಪ್ ಆದ್ರೂ ಸಿಸ್ಟಮ್ ಕಣ್ಣಿಗೆ ಅವರಿಬ್ಬರು ಬೇರೆ ಬೇರೆ ಅರ್ಜಿದಾರರು. ಎಕ್ಸೋಪ್ಲೇಯರ್‌ನ ಫೋಕಸ್ ಫಾಲ್ಸ್ ಮಾಡಿ, ಮೂರಕ್ಕೂ ಸೇರಿ ಒಂದೇ ಅರ್ಜಿ ಹಾಕಿ.

ಬಸ್ಸಲ್ಲಿ ಇಯರ್‌ಫೋನ್ ಕಿತ್ತು ಬಂತು. ತಂಬೂರಿ ಸ್ಪೀಕರ್‌ನಲ್ಲಿ ಮೊಳಗಬಾರದು. ಎಕ್ಸೋಪ್ಲೇಯರ್‌ನಲ್ಲಿ ಹ್ಯಾಂಡಲ್ ಆಡಿಯೋ ಬಿಕಮಿಂಗ್ ನಾಯ್ಸಿ ಟ್ರೂ. ಉಳಿದೆರಡಕ್ಕೆ ಅದೇ ಹೆಸರಿನ ಬ್ರಾಡ್‌ಕಾಸ್ಟ್ ಕೇಳೋ ರಿಸೀವರನ್ನು ನುಡಿಸುವಾಗ ರಿಜಿಸ್ಟರ್ ಮಾಡಿ, ನಿಲ್ಲಿಸುವಾಗ ತೆಗೀರಿ.

ಫೋನ್ ಅಡ್ಡ ತಿರುಗಿಸಿದ್ರೆ ಆ್ಯಕ್ಟಿವಿಟಿ, ಅಂದ್ರೆ ಆ್ಯಪ್‌ನ ಆ ಪರದೆ, ಹೊಸದಾಗಿ ಹುಟ್ಟುತ್ತೆ. ಪ್ಲೇಯರ್ ಅದರೊಳಗೇ ಇದ್ದು, ಹಳೇದಕ್ಕೆ ರಿಲೀಸ್ ಹೇಳಿಲ್ಲ ಅಂದ್ರೆ ಎರಡು ತಂಬೂರಿ ಒಟ್ಟಿಗೆ. ಮೊದಮೊದಲು ನಾದ ದಪ್ಪ ಆಯ್ತಲ್ಲ, ಚೆನ್ನಾಗಿದೆ ಅನ್ನಿಸುತ್ತೆ. ನಿಲ್ಲಿಸೋ ಬಟನ್ ಒತ್ತಿ ನೋಡಿ, ಒಂದು ನಿಲ್ಲಲ್ಲ.

[ಸ್ಕ್ರೀನ್: ಮ್ಯಾನಿಫೆಸ್ಟ್ ಫೈಲ್, ಆ್ಯಪ್‌ನ ಭಾಗಗಳು, ಅನುಮತಿಗಳ ಪಟ್ಟಿ]

ಅಭ್ಯಾಸ ಮಾಡೋರು ಸ್ಕ್ರೀನ್ ಆರಿಸಿಟ್ಟು ಹಾಡ್ತಾರೆ, ಆದ್ರಿಂದ ಎಲ್ಲ ಪ್ಲೇಯರ್‌ಗಳ ಮನೆ ಪರದೆ ಇಲ್ಲದೆಯೂ ಹಿನ್ನೆಲೆಯಲ್ಲಿ ನಡೆಯೋ ಮೀಡಿಯಾಸೆಷನ್‌ಸರ್ವಿಸ್ ಆಗಬೇಕು. ಅದರ ಮೀಡಿಯಾ ಸೆಷನ್ ಒಪ್ಪೋದು ಮೀಡಿಯಾ3ಯ ಪ್ಲೇಯರನ್ನು ಮಾತ್ರ. ನಮ್ಮ ತಂಬೂರಿಗೆ ಆ ವೇಷ ಹಾಕಿಸೋಕೆ ಸಿಂಪಲ್‌ಬೇಸ್‌ಪ್ಲೇಯರ್ ಅನ್ನೋ ಕ್ಲಾಸಿದೆ. ಮ್ಯಾನಿಫೆಸ್ಟ್‌ನಲ್ಲಿ ಸರ್ವಿಸ್‌ನ ಬಗೆ ಮೀಡಿಯಾಪ್ಲೇಬ್ಯಾಕ್ ಅಂತ ಬರೀರಿ. ಫೋರ್‌ಗ್ರೌಂಡ್ ಸರ್ವಿಸ್ ಅನುಮತಿ ಜೊತೆಗೆ, ಆಂಡ್ರಾಯ್ಡ್ 14ಕ್ಕೆ ಗುರಿಯಿಟ್ಟ ಆ್ಯಪ್ ಆದ್ರೆ ಫೋರ್‌ಗ್ರೌಂಡ್ ಸರ್ವಿಸ್ ಮೀಡಿಯಾ ಪ್ಲೇಬ್ಯಾಕ್ ಅನ್ನೋ ಇನ್ನೊಂದೂ ಬೇಕು. ಅದಿಲ್ಲದಿದ್ರೆ ಸೆಕ್ಯುರಿಟಿ ಎಕ್ಸೆಪ್ಷನ್, ಅದೂ ನುಡಿಸೋಕೆ ಶುರು ಮಾಡಿದಾಗ. ಬಿಲ್ಡ್ ಮಾಡುವಾಗ ಸುಳಿವೇ ಸಿಗಲ್ಲ.

ಇನ್ನೊಂದು ನೀವೇ ತೀರ್ಮಾನ ಮಾಡಬೇಕಾದ್ದು. ಆ್ಯಪನ್ನು ರೀಸೆಂಟ್ಸ್‌ನಿಂದ ಮೇಲಕ್ಕೆ ತಳ್ಳಿದ್ರೆ ನಾದ ನಿಲ್ಲಬೇಕೋ ಬೇಡವೋ? ಹಾಡಿನ ಆ್ಯಪ್‌ಗಳಲ್ಲಿ ಮುಂದುವರಿಯೋದು ಉಂಟು. ತಂಬೂರಿಯನ್ನು ತಳ್ಳಿದವರು ಅಭ್ಯಾಸ ಮುಗಿಸಿ ಎದ್ದಿರ್ತಾರೆ. ಆನ್ ಟಾಸ್ಕ್ ರಿಮೂವ್ಡ್‌ನಲ್ಲಿ ಪ್ಲೇಯರ್ ನಿಲ್ಲಿಸಿ, ಸ್ಟಾಪ್ ಸೆಲ್ಫ್ ಹೇಳಿ.

[ತಂಬೂರಿ ನಾದ 30 ಸೆಕೆಂಡ್, ಕಡಿತ ಇಲ್ಲದೆ. ಸ್ಕ್ರೀನ್ ಆರುತ್ತೆ.]