ಎಡಗಿವಿ, ಬಲಗಿವಿ, ಒಂದು ಮಿಲಿಮೀಟರ್

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿದ್ದರೆ ಒಮ್ಮೆ ಕೈ ಒರೆಸಿಕೊಂಡು ನಿಮ್ಮ ಎರಡೂ ಕಿವಿ ಮುಟ್ಟಿ ನೋಡಿ. ಒಂದೇ ಅಳತೆ ಅನಿಸುತ್ತೆ, ಅಲ್ವಾ? ಸರಿಯಾಗಿ ಅಳೆದರೆ ಚೂರು ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಮೈಯ ಎಡಕ್ಕೂ ಬಲಕ್ಕೂ ಜೀನುಗಳು ಒಂದೇ. ಬೆಳೆಯುವಾಗ ಕಾಯಿಲೆಯೋ ಹಸಿವೋ ಕಾಡಿದರೆ ಎರಡು ಕಡೆ ಏರುಪೇರಾಗಬಹುದು. ಹಾಗಾದರೆ ಸಮನಾದ ಮೈಯವನು ಗಟ್ಟಿಮುಟ್ಟು, ಹೆಣ್ಣಿನ ಮನಸ್ಸು ಅವನತ್ತಲೇ ವಾಲುತ್ತದೆ ಎಂದು 1990ರ ದಶಕದಲ್ಲಿ ವಿಕಾಸ ಮನೋವಿಜ್ಞಾನಿಗಳು, ಅಂದರೆ ನಮ್ಮ ಮನಸ್ಸಿನ ಒಲವುಗಳಿಗೆ ಜೀವವಿಕಾಸದಲ್ಲಿ ಕಾರಣ ಹುಡುಕುವವರು, ಹೇಳತೊಡಗಿದರು. ನಾನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಸಲ ಅಳೆದಿರಿ?

ಜಮೈಕಾದಲ್ಲಿ ನಡೆದದ್ದು ಕೇಳಿ. 1996ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಅವರ ತಂಡ ಅಲ್ಲಿನ ಹಳ್ಳಿ ಮಕ್ಕಳ ಕಿವಿ, ಮೊಣಕೈ, ಮಣಿಕಟ್ಟು, ಪಾದ ಎಲ್ಲ ಅಳೆಯಿತು. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಕುಣಿಸಿದರು. ಮೈಗೆಲ್ಲ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಕುಣಿಯುವ ಗೊಂಬೆ ಮಾಡಿದರು. ಮುಖವಿಲ್ಲ, ಬಟ್ಟೆಯಿಲ್ಲ, ಬರೀ ಕುಣಿತ! ಎಂಥ ಚೆಂದದ ಯೋಚನೆ ನೋಡಿ. ಅದನ್ನು ಅವರದೇ ವಯಸ್ಸಿನವರಿಗೆ ತೋರಿಸಿದರೆ, ಸಮ ಮೈಯವರ ಕುಣಿತಕ್ಕೇ ಜಾಸ್ತಿ ಅಂಕ. ಹುಡುಗಿಯರಂತೂ ಅಂಥ ಹುಡುಗರನ್ನೇ ಮೆಚ್ಚಿದರು. 2005ರಲ್ಲಿ ಇದು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು, ಲೋಕವೆಲ್ಲ ಸುದ್ದಿಯಾಯಿತು.

ಆಮೇಲೆ ಟ್ರಿವರ್ಸ್ ಅವರೇ ಹಳೆಯ ಅಂಕಿಗಳ ಮುಂದೆ ಮತ್ತೆ ಕೂತರು. ಯಾರ ಮೈ ಸಮ, ಯಾರದ್ದಲ್ಲ ಅನ್ನುವ ಲೆಕ್ಕವೇ ತಾಳೆಯಾಗಲಿಲ್ಲ. ತಮ್ಮದೇ ಹೆಸರಿದ್ದ ಲೇಖನವನ್ನು ಹಿಂದಕ್ಕೆ ಪಡೆಯಲೇಬೇಕು ಎಂದು ಪಟ್ಟು ಹಿಡಿದರು. 2013ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು.

ಅದಕ್ಕೇ ಹೇಳುತ್ತಿದ್ದೇನೆ, ಎರಡು ಸಲ ಅಳೆಯಿರಿ. ಅಳೆಯುವ ಇಕ್ಕಳದಂಥ ಕ್ಯಾಲಿಪರ್ ಚೂರು ವಾಲಿದರೂ ಸಾಕು, ಒಂದು ಮಿಲಿಮೀಟರ್ ತಪ್ಪು ಬಂದುಬಿಡುತ್ತದೆ. ಎರಡು ಕಿವಿಗಳ ಅಳತೆಯ ವ್ಯತ್ಯಾಸವೂ ಅಷ್ಟೇ, ಕೈತಪ್ಪೂ ಅಷ್ಟೇ. ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಮೊದಲ ಅಳತೆಯ ಹಾಳೆ ಮಡಚಿಟ್ಟು, ಅದನ್ನು ನೋಡದೆ ಇನ್ನೊಮ್ಮೆ ಅಳೆಯಬೇಕು. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

 

ರಾತ್ರಿ ಮಲಗುವ ಮುಂಚೆ ಎರಡೂ ಪಾದಗಳನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಾಳೆ ಅದೇ ಹೊತ್ತಿಗೆ ಬೇರೆ ಹಾಳೆಯಲ್ಲಿ ಎಳೆಯಿರಿ. ಆಮೇಲೆ ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ನಮಸ್ಕಾರ.