ಪೇಟೆಂಟ್ ದಾವೆಯ 120 ದಿನಗಳು

ಕೇಳುಗರಿಗೆ ನಮಸ್ಕಾರ.

ಪೇಟೆಂಟ್ ದಾವೆಯ ಸಮನ್ಸ್ ಹಿಡಿದು ಕಕ್ಷಿದಾರರು ಬಂದರೆ ನುರಿತ ವಕೀಲರು ಮೊದಲು ಕೇಳುವುದು ಒಂದೇ: "ಇದು ನಿಮ್ಮ ಕೈ ಸೇರಿದ್ದು ಯಾವ ತಾರೀಕು?"

ಮಾಮೂಲಿ ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆ, ಅಂದರೆ ಪ್ರತಿವಾದಿಯ ಬರಹದ ಉತ್ತರ, ತಡವಾದರೂ ನ್ಯಾಯಾಲಯ ಮನ್ನಿಸುವುದುಂಟು. ಪೇಟೆಂಟ್ ದಾವೆ ಬರುವುದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ; ಅಲ್ಲಿ ಆ ಸಲಿಗೆ ಇಲ್ಲ. ಸಮನ್ಸ್ ತಲುಪಿದ ಮೇಲೆ 30 ದಿನ. ಕಾರಣ ತೋರಿಸಿ, ಖರ್ಚು ಕಟ್ಟಿದರೆ ಹೆಚ್ಚೆಂದರೆ ಒಟ್ಟು 120 ದಿನ. 121ನೇ ದಿನ ಹೇಳಿಕೆ ಸಲ್ಲಿಸುವ ಹಕ್ಕೇ ಹೋಯಿತು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ. ವಾಯಿದೆ ಕೇಳಿ ಕಾಲ ತಳ್ಳುವ ಅಭ್ಯಾಸದವರು ಎಡವುವುದು ಇಲ್ಲೇ.

ದಾವೆ ಹೂಡುವವರಿಗೂ ಹೊಂಡಗಳಿವೆ. ತುರ್ತು ಪರಿಹಾರ ಬೇಡದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದಿದ್ದರೆ ವಾದಪತ್ರವೇ ತಿರಸ್ಕೃತ. ತಮ್ಮ ವಶದಲ್ಲಿರುವ ದಾಖಲೆಗಳನ್ನು ವಾದಪತ್ರದ ಜೊತೆಗೇ ಕೊಡಬೇಕು. ಆಮೇಲೆ ಕಪಾಟಿನಿಂದ ಒಂದೊಂದೇ ತೆಗೆಯುತ್ತೇವೆಂದರೆ ನ್ಯಾಯಾಧೀಶರ ಅನುಮತಿ ಬೇಕು, ಅದಕ್ಕೆ ತಕ್ಕ ಕಾರಣವೂ ಬೇಕು.

ಇನ್ನು ಪೇಟೆಂಟ್ ಓದುವ ಕೆಲಸ. ಹೊಸಬರು ಚಿತ್ರ ಮತ್ತು ವಿವರಣೆ ನೋಡಿ ಮರುಳಾಗುತ್ತಾರೆ. ಹಕ್ಕಿನ ಎಲ್ಲೆ ಗುರುತಿಸುವುದು ಕೊನೆಯಲ್ಲಿರುವ ಕ್ಲೈಮುಗಳು. ಮಿಕ್ಸಿ ಜಾರಿನ ಮುಚ್ಚಳದ ಕ್ಲೈಮಿನಲ್ಲಿ ಕೊಂಡಿ, ಸ್ಪ್ರಿಂಗ್, ಸ್ವಿಚ್ ಎಂದು ಮೂರು ಅಂಗಗಳಿವೆ ಎಂದುಕೊಳ್ಳಿ. ಕಾಗದದ ಎಡಕ್ಕೆ ಆ ಮೂರನ್ನೂ ಬರೆದು, ಬಲಕ್ಕೆ ಎದುರಾಳಿಯ ಮಿಕ್ಸಿಯಲ್ಲಿ ಏನಿದೆ ಎಂದು ಗುರುತಿಸುತ್ತಾ ಹೋಗಬೇಕು. ಅಲ್ಲಿ ಸ್ಪ್ರಿಂಗ್ ಬದಲು ಅಯಸ್ಕಾಂತವಿದ್ದರೆ ಜಗಳವೆಲ್ಲ ಆ ಒಂದು ಸಾಲಿನ ಮೇಲೆಯೇ.

ಪ್ರತಿವಾದಿಯ ದೊಡ್ಡ ಅಸ್ತ್ರ ಪೇಟೆಂಟನ್ನೇ ರದ್ದು ಮಾಡಿ ಎನ್ನುವ ಪ್ರತಿದಾವೆ. ಪೇಟೆಂಟ್ ಕಚೇರಿ ಮುದ್ರೆ ಒತ್ತಿದ ಮಾತ್ರಕ್ಕೆ ಅದು ಸಿಂಧು ಎಂದು ನಮ್ಮ ಕಾನೂನು ಭಾವಿಸುವುದಿಲ್ಲ. ಹೀಗಾಗಿ ಸಿಂಧುತ್ವದ ಬಗ್ಗೆ ಗಟ್ಟಿ ಅನುಮಾನ ಎಬ್ಬಿಸಿದರೂ ತಡೆಯಾಜ್ಞೆ ತಪ್ಪಬಹುದು. ದೆಹಲಿ, ಮದ್ರಾಸ್ ಹೈಕೋರ್ಟುಗಳಂತೆ ನಮ್ಮ ಕರ್ನಾಟಕ ಹೈಕೋರ್ಟಿಗೆ ಸಾಮಾನ್ಯ ಮೂಲ ಸಿವಿಲ್ ಅಧಿಕಾರವಿಲ್ಲ, ಅಂದರೆ ಇಂಥ ದಾವೆಯನ್ನು ನೇರವಾಗಿ ಅಲ್ಲೇ ಹೂಡಲಾಗದು. ಬೆಂಗಳೂರಿನ ಪೇಟೆಂಟ್ ದಾವೆ ಶುರುವಾಗುವುದು ಕೆಳಗಿನ ವಾಣಿಜ್ಯ ನ್ಯಾಯಾಲಯದಲ್ಲಿ. ರದ್ದತಿಯ ಪ್ರತಿದಾವೆ ಬಿದ್ದೊಡನೆ ಪೇಟೆಂಟ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ಇಡೀ ಕಡತ ಹೈಕೋರ್ಟಿಗೆ ಹೋಗುತ್ತದೆ. ಕಕ್ಷಿದಾರರಿಗೆ ಖರ್ಚಿನ ಅಂದಾಜು ಹೇಳುವಾಗ ಇದನ್ನು ಮರೆಯಬಾರದು.

ಈ ವಕೀಲಿಕೆಗೆ ವಿಜ್ಞಾನದ ಪದವಿ ಬೇಕೇ? ನ್ಯಾಯಾಲಯದಲ್ಲಿ ವಾದಿಸಲು ಬೇಡ. ಪೇಟೆಂಟ್ ಕಚೇರಿಯ ಪರೀಕ್ಷೆ ಬರೆದು ಪೇಟೆಂಟ್ ಏಜೆಂಟ್ ಆಗಲು ಬೇಕು. ಪದವಿ ಇಲ್ಲದವರು ಪಾಟಿಸವಾಲಿಗೆ ಮುಂಚೆ ತಜ್ಞರೊಬ್ಬರ ಜೊತೆ ಕೂತು ಕಲಿಯುತ್ತಾರೆ, ಅಷ್ಟೇ.

ಕಿರಿಯರು ಬಹಳ ಸಲ ಬಿಡುವ ಕೆಲಸವೊಂದಿದೆ: ಪೇಟೆಂಟ್ ಕೇಳಿದ ಅರ್ಜಿದಾರರು ಪೇಟೆಂಟ್ ಕಚೇರಿಯ ಪರೀಕ್ಷಕರ ಆಕ್ಷೇಪಕ್ಕೆ ಕೊಟ್ಟ ಉತ್ತರ ಓದುವುದು. ಅದು ಪೇಟೆಂಟ್ ಕಚೇರಿಯ ಜಾಲತಾಣದಲ್ಲೇ ಸಿಗುತ್ತದೆ. "ಹಳೆಯದು ಅಯಸ್ಕಾಂತದ್ದು, ನಮ್ಮದು ಸ್ಪ್ರಿಂಗಿನದು" ಎಂದು ಅಂದು ಬರೆದುಕೊಟ್ಟವರು, ಇಂದು ಎರಡೂ ಒಂದೇ ಎನ್ನಲು ಬಂದಿದ್ದರೆ, ಆ ಪುಟವನ್ನು ಲಿಖಿತ ಹೇಳಿಕೆಗೆ ಲಗತ್ತಿಸಿ.

ನಮಸ್ಕಾರ.